ಎ ಸೈಡು, ಬಿ ಸೈಡು

1978ರಲ್ಲಿ ಕನ್ನಡದ ಹಾಡಿನ ಲೋಕದಲ್ಲಿ ಎರಡು ಸಂಗತಿ ನಡೆದವು. ದೊರೈ-ಭಗವಾನ್ ನಿರ್ದೇಶಿಸಿದ ‘ಆಪರೇಷನ್ ಡೈಮಂಡ್ ರಾಕೆಟ್’ ತೆರೆಗೆ ಬಂತು. ಅದರಲ್ಲಿ ರಾಜ್‌ಕುಮಾರ್ ಜಿ.ಕೆ. ವೆಂಕಟೇಶ್ ಅವರ ಸಂಗೀತಕ್ಕೆ ‘ಇಫ್ ಯು ಕಮ್ ಟುಡೇ’ ಎಂಬ ಇಂಗ್ಲಿಷ್ ಹಾಡು ಹಾಡಿದರು. ಗುಬ್ಬಿ ಕಂಪನಿಯ ರಂಗಗೀತೆಗಳ ನಡುವೆ ಬೆಳೆದ, ಶಾಲೆಯನ್ನು ಎಳವೆಯಲ್ಲೇ ಬಿಟ್ಟ ಗಾಜನೂರಿನ ಮುತ್ತುರಾಜ ಕೋಟು ತೊಟ್ಟು ಇಂಗ್ಲಿಷಿನಲ್ಲಿ ಹಾಡಿದ್ದು ಅಭಿಮಾನಿಗಳಿಗೆ ಹಬ್ಬವಾಯಿತು. ಅದೇ ವರ್ಷ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ರೂಪದಲ್ಲಿ ಹೊರಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಅದು.

ಶಿಳ್ಳೆ ಬಿದ್ದದ್ದು ಮೊದಲನೆಯದಕ್ಕೆ. ಎರಡನೆಯದನ್ನು ಕೊಂಡವರು ಕಾಲೇಜಿನ ಮೇಷ್ಟ್ರುಗಳು, ಬ್ಯಾಂಕಿನ ನೌಕರರು, ಮನೆಯಲ್ಲಿ ಟೇಪ್‌ರೆಕಾರ್ಡರ್ ಇದ್ದ ಕೆಲವೇ ಅದೃಷ್ಟವಂತರು. ರಾಜ್‌ಕುಮಾರರ ಇಂಗ್ಲಿಷ್ ಹಾಡು ನಲವತ್ತು ವರ್ಷ ಕಳೆದ ಮೇಲೆ ಮೊಬೈಲಿನ ಮೀಮ್‌ಗಳಲ್ಲಿ ಮತ್ತೆ ಎದ್ದು ಬಂದು, ಕನ್ನಡದ ಗಂಧವೇ ಇಲ್ಲದವರನ್ನೂ ಕುಣಿಸಿತು. ಅದು ಆ ಹಾಡಿನ ಯೋಗ. ಆದರೆ ಕನ್ನಡದಲ್ಲಿ ಪಾಪ್ ಎನ್ನುವುದೊಂದು ಹುಟ್ಟಿದ್ದರೆ ಅದಕ್ಕೆ ತೊಟ್ಟಿಲಾದದ್ದು ಅಂಗೈಯಗಲದ ಆ ಪ್ಲಾಸ್ಟಿಕ್ ಡಬ್ಬಿ. ಬೀಟಲ್ಸ್‌ನವರು 1968ರಲ್ಲಿ ಋಷಿಕೇಶಕ್ಕೆ ಬಂದು ಹೋದದ್ದು, ಮರುವರ್ಷ ವುಡ್‌ಸ್ಟಾಕ್‌ನ ಹೊಲದಲ್ಲಿ ಜನ ಕೆಸರಿನಲ್ಲಿ ಕೂತು ಜಿಮಿ ಹೆಂಡ್ರಿಕ್ಸ್‌ನ ಗಿಟಾರ್ ಕೇಳಿದ್ದು ರಾಕ್ ಚರಿತ್ರೆಯ ಪುಸ್ತಕಗಳಲ್ಲಿ ಪುಟಗಟ್ಟಲೆ ಬರುತ್ತವೆ. ಉಡುಪಿಯಿಂದ ಮಣಿಪಾಲ ಹತ್ತಿ ಕಾರ್ಕಳಕ್ಕೆ ಹೋಗುವ ರಸ್ತೆಯ ಹಿರಿಯಡ್ಕ ಪೇಟೆಯಲ್ಲಿ ನಿಂತು ನೋಡಿದರೆ ಚರಿತ್ರೆ ಬೇರೆ ಥರ ಕಾಣುತ್ತದೆ. ಇಲ್ಲಿನವರಿಗೆ ಹಾಡಿನ ದೊಡ್ಡ ಘಟನೆಗಳು ನಡೆದದ್ದು ಕ್ಯಾಸೆಟ್ ಅಂಗಡಿಯ ಗಲ್ಲಾದ ಎದುರು, ಬಸ್ಸಿನ ಹಿಂದಿನ ಸೀಟಿನಲ್ಲಿ, ಜಾತ್ರೆಯ ಗದ್ದೆಯಲ್ಲಿ.

ಗಿಟಾರು ಮಾತ್ರ ಕ್ಯಾಸೆಟ್ಟಿಗಿಂತ ಮೊದಲೇ ಬಂದಿತ್ತು. ಅದು ಬಂದದ್ದು ಪತ್ತೇದಾರಿಯ ಬೆನ್ನಿಗೆ ಅಂಟಿಕೊಂಡು. 1968ರ ‘ಜೇಡರ ಬಲೆ’ಯಿಂದ ರಾಜ್‌ಕುಮಾರ್ ಸಿಐಡಿ 999 ಆದರು, ಲಂಡನ್ನಿನ ಜೇಮ್ಸ್ ಬಾಂಡ್‌ಗೆ ಗಾಂಧಿನಗರ ಕೊಟ್ಟ ಉತ್ತರ ಅದು. ಕ್ಲಬ್ಬಿನ ದೃಶ್ಯ ಇದ್ದಮೇಲೆ ಎಲೆಕ್ಟ್ರಿಕ್ ಗಿಟಾರ್, ಬಾಂಗೋ, ಟ್ರಂಪೆಟ್ ಇಲ್ಲದೆ ಆಗುತ್ತದೆಯೇ? ಜಿ.ಕೆ. ವೆಂಕಟೇಶ್ ಆ ವಾದ್ಯಗಳನ್ನು ಹೆದರಿಕೆಯಿಲ್ಲದೆ ಬಳಸಿದರು. ಅವರ ಕೈಕೆಳಗೆ ಗಿಟಾರ್ ನುಡಿಸುತ್ತ, ಸಹಾಯಕನಾಗಿ ದುಡಿಯುತ್ತಿದ್ದ ಒಬ್ಬ ತರುಣ ತಮಿಳುನಾಡಿನ ಪಣ್ಣೈಪುರದವನು. ಸಾಲುಸಾಲು ಕನ್ನಡ ಚಿತ್ರಗಳ ಧ್ವನಿಮುದ್ರಣದಲ್ಲಿ ಕೂತು ಪಳಗಿದ ಆ ತರುಣ 1976ರಲ್ಲಿ ತಮಿಳಿನಲ್ಲಿ ‘ಅಣ್ಣಕ್ಕಿಳಿ’ ಮಾಡಿ ಇಳಯರಾಜಾ ಎಂದು ಹೆಸರಾದರು. ಇಳಯರಾಜಾ ಅವರನ್ನು ತಮಿಳಿನ ಕೊಡುಗೆ ಎಂದಷ್ಟೇ ಹೇಳುವವರು ಈ ಕನ್ನಡದ ಗರಡಿಯನ್ನು ಯಾಕೋ ಮರೆಯುತ್ತಾರೆ.

ಅದೇ ವೆಂಕಟೇಶ್ 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕಾಗಿ ಎಮ್ಮೆಯ ಮೇಲೆ ಕೂತು ಹಾಡುವ ಹಾಡನ್ನು ರಾಜ್‌ಕುಮಾರರ ಬಾಯಲ್ಲೇ ಹಾಡಿಸಿದ್ದರು. ಅಲ್ಲಿಯವರೆಗೆ ರಾಜ್‌ಕುಮಾರರ ತುಟಿಗೆ ಪಿ.ಬಿ. ಶ್ರೀನಿವಾಸರ ಕಂಠ. ಆ ಒಂದು ಹಾಡಿನ ನಂತರ ನಟನೇ ಗಾಯಕ. ಪಾಪ್ ಸಂಗೀತಕ್ಕೆ ಬೇಕಾದದ್ದು ಶ್ರುತಿಶುದ್ಧಿಗಿಂತ ಹೆಚ್ಚಾಗಿ ಗುರುತು ಸಿಗುವ ದನಿ ಎನ್ನುವುದಾದರೆ, ನಮ್ಮಲ್ಲಿ ಅದು ಅಂದೇ ಸಾಬೀತಾಯಿತು.

1981ರಲ್ಲಿ ಶಂಕರ್ ನಾಗ್ ‘ಗೀತಾ’ ಮಾಡಿದರು. ಸಂಗೀತಕ್ಕೆ ಇಳಯರಾಜಾ, ಸಾಹಿತ್ಯಕ್ಕೆ ಚಿ. ಉದಯಶಂಕರ್, ಹಾಡಲು ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ. ನಾಯಕ ಕಾಲೇಜಿನ ಗಾಯಕ. ವೇದಿಕೆ ಹತ್ತಿ ಮೈಕ್ ಹಿಡಿದು ಕುಣಿಯುತ್ತ ಹಾಡುತ್ತಾನೆ. ಬಾಸ್ ಗಿಟಾರಿನ ಓಟ, ಡ್ರಮ್ಸ್‌ನ ಡಿಸ್ಕೋ ನಡೆ, ನಡುನಡುವೆ ಎಸ್‌ಪಿಬಿಯ ಕೇಕೆ. ಕನ್ನಡ ಚಿತ್ರದೊಳಗೆ ‘ಸ್ಟೇಜ್ ಶೋ’ ಎಂಬುದು ಕಥೆಯ ಭಾಗವಾಗಿ ಇಷ್ಟು ಸಲೀಸಾಗಿ ಕೂತದ್ದನ್ನು ಅದಕ್ಕೂ ಮೊದಲು ನಾನು ಕಂಡಿಲ್ಲ. ಚಿತ್ರಮಂದಿರದಲ್ಲಿ ಅದು ಭಾರೀ ಸದ್ದು ಮಾಡಿತೋ ಇಲ್ಲವೋ, ಆ ಹಾಡುಗಳು ಮಾತ್ರ ಇಂದಿಗೂ ಮದುವೆ ಮನೆಯ ಆರ್ಕೆಸ್ಟ್ರಾದವರಿಗೆ ಅನ್ನ ಕೊಡುತ್ತಿವೆ. ಹೊನ್ನಾವರದ ಕಡೆಯ ಶಂಕರ್ ನಾಗ್‌ಗೆ ಹಾಡಿನ ಜೊತೆಗೆ ಹಾಡು ತಯಾರಾಗುವ ಕಾರ್ಖಾನೆಯ ಮೇಲೂ ಕಣ್ಣಿತ್ತು. ಧ್ವನಿಮುದ್ರಣಕ್ಕೆ ಪ್ರತಿ ಸಲ ಮದರಾಸಿಗೆ ಓಡುವುದು ತಪ್ಪಲಿ ಎಂದು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಅಪಘಾತದಲ್ಲಿ ಅವರು ತೀರಿಕೊಂಡಾಗ ವಯಸ್ಸು ಮೂವತ್ತೈದು.

ಕ್ಯಾಸೆಟ್ಟಿಗೆ ಬರೋಣ. ಫಿಲಿಪ್ಸ್ ಕಂಪನಿ ಅದನ್ನು 1963ರಲ್ಲೇ ಜಗತ್ತಿಗೆ ತೋರಿಸಿತ್ತು. ನಮ್ಮ ಕರಾವಳಿಗೆ ಅದು ಮುಟ್ಟಿದ್ದು ಸರಕಾರದ ಯೋಜನೆಯಿಂದಲ್ಲ. ಗಲ್ಫಿನಿಂದ ರಜೆಯಲ್ಲಿ ಬಂದವರ ಸೂಟ್‌ಕೇಸಿನಲ್ಲಿ. ದುಬೈ, ಮಸ್ಕತ್, ಕುವೈತ್‌ನಿಂದ ಬಂದ ಯುವಕನ ಕೈಯಲ್ಲಿ ನ್ಯಾಷನಲ್ ಪ್ಯಾನಸೋನಿಕ್ಕಿನ ‘ಟು ಇನ್ ಒನ್’ ಇರಲೇಬೇಕು. ರೇಡಿಯೋ ಒಂದು, ಟೇಪು ಒಂದು, ಎರಡೂ ಸೇರಿ ಒಂದು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದವರು ಹಿಂದಿ ಹಾಡುಗಳ ಸುರುಳಿ ತಂದರು. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ಹಾಡು ಮನೆಯೊಳಗೆ ಬರುತ್ತಿತ್ತು ನಿಜ, ಆದರೆ ಬರುವ ಹೊತ್ತು ಅವರದು, ಬರುವ ಹಾಡೂ ಅವರದು. ಟೇಪ್‌ರೆಕಾರ್ಡರ್ ಬಂದಮೇಲೆ ಒಂದೇ ಹಾಡನ್ನು ಅಮ್ಮ ಬೈಯುವವರೆಗೂ ಕೇಳಬಹುದಾಯಿತು.

ಅದರ ಜೊತೆಗೆ ಪೇಟೆಪೇಟೆಗಳಲ್ಲಿ ಒಂದು ಹೊಸ ಕಸುಬು ಹುಟ್ಟಿತು. ಖಾಲಿ ಕ್ಯಾಸೆಟ್ ಕೊಟ್ಟು, ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಅಂಗಡಿಯವನು ಎರಡು ದಿನ ಬಿಟ್ಟು ‘ತುಂಬಿಸಿ’ ಕೊಡುತ್ತಿದ್ದ. ಒಂದು ಬದಿಗೆ ಆರೋ ಏಳೋ ಹಾಡು. ಕೊನೆಯ ಹಾಡು ಅರ್ಧಕ್ಕೇ ಕಟ್ಟಾದರೆ ಜಗಳ. ಕಾನೂನಿನ ಪ್ರಕಾರ ಇದು ಕಳ್ಳತನ. ಆದರೆ ಯಾವ ಹಾಡಿನ ಪಕ್ಕ ಯಾವ ಹಾಡು ಬರಬೇಕು ಎಂದು ಕೇಳುಗನೇ ತೀರ್ಮಾನಿಸಿದ ಮೊದಲ ಕಾಲವೂ ಅದೇ. ಎ ಸೈಡಿನಲ್ಲಿ ರಾಜನ್-ನಾಗೇಂದ್ರ, ಬಿ ಸೈಡಿನಲ್ಲಿ ಬೋನಿ ಎಂ ಹಾಕಿಸಿಕೊಂಡವರು ನಮ್ಮಲ್ಲಿದ್ದರು. ಕಾಳಿಂಗ ನಾವಡರ ಭಾಗವತಿಕೆಯ ಬೆನ್ನಿಗೇ ವಿಲ್ಫಿ ರೆಬಿಂಬಸ್‌ರ ಕೊಂಕಣಿ ಹಾಡು ಬರುವ ಕ್ಯಾಸೆಟ್ಟುಗಳೂ ಇದ್ದವು.

ವಿಲ್ಫಿಯವರ ಹೆಸರು ಬಂದದ್ದರಿಂದ ಒಂದು ಮಾತು. ‘ಕೊಂಕಣ್ ಕೋಗುಳ್’ ಎಂದು ಕರೆಸಿಕೊಂಡ ಅವರು (1942–2010) ಸಿನಿಮಾದ ಹಂಗಿಲ್ಲದೆ, ತಾವೇ ಬರೆದು, ರಾಗ ಹಾಕಿ, ಹಾಡಿ, ಟಿಕೆಟ್ ಇಟ್ಟು ‘ವಿಲ್ಫಿ ನೈಟ್’ ನಡೆಸುತ್ತಿದ್ದರು. ಬೆನ್ನಿಗೆ ಗಿಟಾರು, ಡ್ರಮ್ಸು, ಟ್ರಂಪೆಟ್. ಪಾಪ್ ಗಾಯಕ ಎಂಬ ಮಾತಿಗೆ ಕರಾವಳಿಯಲ್ಲಿ ತಕ್ಕ ಮನುಷ್ಯ ಯಾರು ಎಂದು ಕೇಳಿದರೆ ನಾನು ಅವರನ್ನೇ ತೋರಿಸುತ್ತೇನೆ. 2008ರ ಜನವರಿಯಲ್ಲಿ ಮಂಗಳೂರಿನ ಮಾಂಡ್ ಸೊಭಾಣ್ ಸಂಸ್ಥೆಯವರು 40 ತಾಸು ಎಡೆಬಿಡದೆ ಕೊಂಕಣಿ ಹಾಡು ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದ್ದು ಇದೇ ಗಾಳಿಯ ಮುಂದುವರಿಕೆ. ಕನ್ನಡದಲ್ಲಿ ಸಿನಿಮಾದ ಹೊರಗೆ ಅಂಥ ಜನಪ್ರಿಯ ಗಾಯಕ ಭಾವಗೀತೆಯವನಾಗಿದ್ದ. ತಬಲಾ, ಹಾರ್ಮೋನಿಯಂ ಮುಂದಿಟ್ಟು ಕೂತೇ ಹಾಡುತ್ತಿದ್ದ.

ಈ ನೆಲ ಹದವಾಗಿದ್ದಾಗ, 1987ರಲ್ಲಿ, ‘ಪ್ರೇಮಲೋಕ’ ಬಂತು.

ನಿರ್ಮಾಪಕ ಎನ್. ವೀರಾಸ್ವಾಮಿಯವರ ಮಗ ವಿ. ರವಿಚಂದ್ರನ್‌ಗೆ ಅದು ಮೊದಲ ನಿರ್ದೇಶನ. ಕನ್ನಡದ ಜೊತೆಗೆ ತಮಿಳಿನಲ್ಲೂ ಏಕಕಾಲಕ್ಕೆ ತೆಗೆದದ್ದು. ನಾಯಕಿ ಜೂಹಿ ಚಾವ್ಲಾ, 1984ರ ಮಿಸ್ ಇಂಡಿಯಾ. ಕಥೆಯ ಎಳೆಯಲ್ಲಿ ಹಾಲಿವುಡ್ಡಿನ ‘ಗ್ರೀಸ್ 2’ರ ನೆರಳಿತ್ತು: ಕಾಲೇಜು, ಬೈಕು, ಮುಸುಕು ಹಾಕಿದ ಸವಾರ, ಅವನ ಹಿಂದೆ ಬಿದ್ದ ಹುಡುಗಿ. ಕಥೆ ಅಷ್ಟೇ, ಉಳಿದದ್ದೆಲ್ಲ ಹಾಡು. ಒಟ್ಟು 11 ಹಾಡು. ಯೇಸುದಾಸ್, ಎಸ್‌ಪಿಬಿ, ಜಾನಕಿ ಹಾಡಿದರು. ಸಾಹಿತ್ಯ, ಸಂಗೀತ ಎರಡೂ ಒಬ್ಬರದೇ: ಹಂಸಲೇಖ.

ಗಂಗರಾಜು ಎಂಬ ಹೆಸರಿನಲ್ಲಿ 1951ರಲ್ಲಿ ಹುಟ್ಟಿದ ಹಂಸಲೇಖ ಆರ್ಕೆಸ್ಟ್ರಾ ಮತ್ತು ನಾಟಕದ ಅಂಗಳದಿಂದ ಬಂದವರು. ಆ ಹಿನ್ನೆಲೆ ಹಾಡಿನಲ್ಲಿ ಎದ್ದು ಕಾಣುತ್ತದೆ. ಅವರಿಗಿಂತ ಹಿಂದಿನ ಚಿತ್ರಗೀತೆಯಲ್ಲಿ ಕವಿ ಹೇಳುತ್ತಾನೆ, ಪಾತ್ರ ತುಟಿ ಆಡಿಸುತ್ತದೆ. ‘ಪ್ರೇಮಲೋಕ’ದಲ್ಲಿ ಪಾತ್ರಗಳೇ ಮಾತಾಡಿಕೊಳ್ಳುತ್ತವೆ. ಹುಡುಗ ಕೇಳುತ್ತಾನೆ, ಹುಡುಗಿ ಮರುಪ್ರಶ್ನೆ ಹಾಕುತ್ತಾಳೆ, ಗೆಳೆಯರ ಗುಂಪು ನಡುವೆ ಬಾಯಿ ಹಾಕುತ್ತದೆ, ಮೇಷ್ಟ್ರು ಗದರುತ್ತಾರೆ, ಎಲ್ಲವೂ ತಾಳದ ಮೇಲೆಯೇ. ನಿಂಬೆಹಣ್ಣು, ಬೈಕು, ಕಾಲೇಜಿನ ಗೇಟು ಎಲ್ಲಕ್ಕೂ ಹಾಡಿನಲ್ಲಿ ಜಾಗ. ಬೆಂಗಳೂರಿನ ಬೀದಿಯಲ್ಲಿ ಆಡುವ ಮಾತಿಗೆ ಇಷ್ಟು ಸಲೀಸಾಗಿ ಸ್ವರ ಹತ್ತಬಹುದು ಎಂದು ಯಾರಿಗೆ ಗೊತ್ತಿತ್ತು? ಕೀಬೋರ್ಡು, ರಿದಮ್ ಯಂತ್ರದ ಹೊಡೆತ ಹಿನ್ನೆಲೆಯಲ್ಲಿ ಮುಚ್ಚುಮರೆಯಿಲ್ಲದೆ ಕೇಳುತ್ತಿತ್ತು. ಇದು ಸಾಹಿತ್ಯವೇ ಎಂದು ಮೂಗು ಮುರಿದವರು ಬಹಳ ಮಂದಿ. ಅವರಲ್ಲಿ ಅನೇಕರ ಮಕ್ಕಳು ಒಳಗಿನ ಕೋಣೆಯಲ್ಲಿ ಅದೇ ಕ್ಯಾಸೆಟ್ಟನ್ನು ತಿರುವಿ ಹಾಕುತ್ತಿದ್ದರು.

ಕ್ಯಾಸೆಟ್ ಮಾರಿದ್ದು ಲಹರಿ ಸಂಸ್ಥೆ. ಮನೋಹರ ನಾಯ್ಡು ಮತ್ತು ತಮ್ಮ ವೇಲು ಅವರ ಆ ಕಂಪನಿ ಆಗಿನ್ನೂ ಚಿಕ್ಕದು. 38 ಲಕ್ಷ ಕ್ಯಾಸೆಟ್ ಮಾರಾಟವಾಯಿತು ಎಂದು ಸಂಸ್ಥೆ ಹೇಳಿಕೊಂಡು ಬಂದಿದೆ. ವ್ಯಾಪಾರದವರ ಲೆಕ್ಕದಲ್ಲಿ ಒಂದಷ್ಟು ಉಬ್ಬರ ಇರಬಹುದು ಎಂದು ಕಳೆದರೂ ಅದು ಸಣ್ಣ ಸಂಖ್ಯೆಯಲ್ಲ. ಅದರ ಮೇಲೆ ಪೇಟೆಪೇಟೆಯಲ್ಲಿ ‘ತುಂಬಿಸಿ’ ಕೊಟ್ಟವುಗಳಿಗೆ ಲೆಕ್ಕ ಇಟ್ಟವರು ಯಾರು? ಆಗ ಅಂಗಡಿಯಲ್ಲಿ ಕೇಳಿಬರುತ್ತಿದ್ದ ಮಾತು ಇಷ್ಟೇ.

“ಅಣ್ಣ, ಪ್ರೇಮಲೋಕ ಉಂಟಾ?”

“ನಿನ್ನೆ ಬಂದದ್ದು ನಿನ್ನೆಯೇ ಖಾಲಿ ಮಾರಾಯ. ನಾಡಿದ್ದು ಬಾ.”

ಕರಾವಳಿಯ ಖಾಸಗಿ ಬಸ್ಸುಗಳ ಪಾಲನ್ನು ಇಲ್ಲಿ ಹೇಳದಿದ್ದರೆ ಚರಿತ್ರೆ ಅರ್ಧ. ಉಡುಪಿ–ಕಾರ್ಕಳ ನಡುವಿನ ಎಕ್ಸ್‌ಪ್ರೆಸ್ ಬಸ್ಸುಗಳು ಒಂದರ ಬಾಲಕ್ಕೆ ಇನ್ನೊಂದು ಓಡುತ್ತಿದ್ದ ದಿನಗಳು. ಪೈಪೋಟಿ ಟೈಮಿಂಗಿನಲ್ಲಿ ಮಾತ್ರವಲ್ಲ, ಟೇಪಿನಲ್ಲೂ. ಯಾವ ಬಸ್ಸಿನ ಸ್ಪೀಕರ್ ಒಳ್ಳೆಯದು ಎಂದು ಕಾಲೇಜಿನ ಹುಡುಗರಿಗೆ ಗೊತ್ತಿತ್ತು. ಅದಕ್ಕಾಗಿ ಒಂದು ಬಸ್ಸು ಬಿಟ್ಟು ಇನ್ನೊಂದಕ್ಕೆ ಕಾದವರೂ ಉಂಟು. ಪರ್ಕಳದ ಏರು ಹತ್ತುವಾಗ ಎಂಜಿನ್ನಿನ ಸದ್ದಿಗೆ ಹಾಡು ಮುಳುಗುತ್ತದೆ, ಆತ್ರಾಡಿ ದಾಟಿದ ಮೇಲೆ ಮತ್ತೆ ಕೇಳಿಸುತ್ತದೆ. ಪಾಪ್ ಚಾರ್ಟ್ ಎಂದರೆ ನಮಗೆ ಬಸ್ಸಿನ ಡ್ರೈವರ್ ಹಾಕುವ ಕ್ಯಾಸೆಟ್ಟು. ಅವನಿಗೆ ಬೇಸರ ಬಂದರೆ ಆ ಹಾಡು ಇಳಿಯಿತು ಎಂದೇ ಅರ್ಥ.

ಇನ್ನೊಂದು ವೇದಿಕೆ ರಸಮಂಜರಿ. ಬೇರೆ ಕಡೆ ಆರ್ಕೆಸ್ಟ್ರಾ ಎನ್ನುವುದನ್ನು ನಮ್ಮಲ್ಲಿ ಹೀಗೆ ಕರೆಯುವುದು. ಜಾತ್ರೆ, ಶಾರದೋತ್ಸವ, ಯುವಕ ಮಂಡಲದ ವಾರ್ಷಿಕೋತ್ಸವ, ಯಾವುದಕ್ಕಾದರೂ ಸರಿ. ಗದ್ದೆ ಕೊಯ್ಲಾದ ಮೇಲೆ ಹಲಗೆಯ ವೇದಿಕೆ, ಬಣ್ಣದ ಟ್ಯೂಬ್‌ಲೈಟು, ಮೊದಲಿಗೆ ಗಣಪತಿಯ ಹಾಡು, ಆಮೇಲೆ ಮೈಕಿನವನ ಚಾಟಿ ಮಾತು, ನಡುವೆ ಮಿಮಿಕ್ರಿ, ಜನರಿಂದ ಬಂದ ಕೋರಿಕೆ ಚೀಟಿಗಳು. ಕೀಬೋರ್ಡಿನ ಹಿಂದೆ, ಗಿಟಾರಿನ ಹಿಂದೆ ಹೆಚ್ಚಾಗಿ ಇರುತ್ತಿದ್ದವರು ಚರ್ಚಿನ ಗಾಯನಮಂಡಳಿಯಲ್ಲಿ ಕೈ ಪಳಗಿಸಿಕೊಂಡ ಹುಡುಗರು. ದೇವಸ್ಥಾನದ ಜಾತ್ರೆಯ ಹಾಡಿಗೆ ಇಗರ್ಜಿಯಲ್ಲಿ ಕಲಿತ ಕಾರ್ಡ್ಸು. ಅದನ್ನು ಯಾರೂ ವಿಶೇಷ ಎಂದು ಭಾವಿಸಿರಲಿಲ್ಲ. ‘ಪ್ರೇಮಲೋಕ’ ಬಂದ ಮೇಲೆ ರಸಮಂಜರಿಯವರಿಗೆ ಒಂದು ತೊಂದರೆಯಾಯಿತು. ಹಾಡೊಂದರಲ್ಲಿ ನಾಲ್ಕಾರು ದನಿಗಳ ಮಾತುಕತೆ ಇರುವುದರಿಂದ ಒಬ್ಬ ಗಾಯಕ, ಒಬ್ಬ ಗಾಯಕಿ ಸಾಕಾಗದೆ ತಬಲಾದವನೂ, ಕೊನೆಗೆ ನಿರೂಪಕನೂ ಹಾಡಬೇಕಾಯಿತು. ಜನರಿಗೆ ಅದೇ ಹೆಚ್ಚು ಖುಷಿ.

ಅದೇ ಕಾಲಕ್ಕೆ ಶಾಲಾ ವಾರ್ಷಿಕೋತ್ಸವಗಳಿಗೆ ಬ್ರೇಕ್ ಡ್ಯಾನ್ಸ್ ನುಗ್ಗಿತು. ಮೈಕಲ್ ಜಾಕ್ಸನ್ನನ ‘ಥ್ರಿಲ್ಲರ್’ ಆಲ್ಬಂ ಬಂದದ್ದು 1982ರ ಕೊನೆಗೆ. ನಮ್ಮೂರಿನ ಹುಡುಗ ಕಪ್ಪು ಪ್ಯಾಂಟು, ಒಂದೇ ಕೈಗವಸು ಹಾಕಿ ಮಣ್ಣಿನ ವೇದಿಕೆಯಲ್ಲಿ ಹಿಂದಕ್ಕೆ ಜಾರಲು ನೋಡಿದ್ದು ಅದಾದ ನಾಲ್ಕೈದು ವರ್ಷಕ್ಕೆ. ಸೆಗಣಿ ಸಾರಿಸಿದ ನೆಲದಲ್ಲಿ ಜಾರುವುದು ಸುಲಭವಲ್ಲ. ಜಾಕ್ಸನ್ನನಿಗೆ ಭಾರತದ ಉತ್ತರ ಎಂದು ಮುಂದೆ ಹೆಸರಾದ ಪ್ರಭುದೇವ ಹುಟ್ಟಿದ್ದು ಮೈಸೂರಿನಲ್ಲಿ, ನೃತ್ಯ ನಿರ್ದೇಶಕ ಮೂಗೂರು ಸುಂದರ್ ಅವರ ಮಗನಾಗಿ, ಎನ್ನುವುದನ್ನು ನಮ್ಮ ಕಡೆ ಹೆಮ್ಮೆಯಿಂದ ಹೇಳಿಕೊಳ್ಳುವುದಿತ್ತು. 1996ರ ನವೆಂಬರ್ 1ರಂದು ಜಾಕ್ಸನ್ ಮುಂಬಯಿಯ ಅಂಧೇರಿಯಲ್ಲಿ ಕುಣಿದಾಗ ಹೋಟೆಲಿಗೆ ರಜೆ ಹಾಕಿ ನೋಡಲು ಹೋದವರ ಕಥೆಗಳು ವರ್ಷಗಟ್ಟಲೆ ಊರಲ್ಲಿ ಓಡಾಡಿದವು. ಕೆಲವು ನಿಜವೂ ಇರಬಹುದು.

ಇಷ್ಟು ಎ ಸೈಡು. ಬಿ ಸೈಡು ಬೆಂಗಳೂರಿನದು, ಇಂಗ್ಲಿಷಿನದು.

1970ರ ದಶಕದಲ್ಲೇ ಬೆಂಗಳೂರಿನಲ್ಲಿ ‘ಹ್ಯೂಮನ್ ಬಾಂಡೇಜ್’ ಎಂಬ ರಾಕ್ ತಂಡವಿತ್ತು. ಅದರಲ್ಲಿ ಡ್ರಮ್ಸ್ ಬಾರಿಸುತ್ತಿದ್ದ ರಮೇಶ್ ಶೋಥಂ ಆಮೇಲೆ ಕರ್ನಾಟಕ ತಾಳವಾದ್ಯದ ಕಡೆ ತಿರುಗಿ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನಲ್ಲಿ ಕಲಿತು, ಯುರೋಪಿನಲ್ಲಿ ನೆಲೆನಿಂತರು. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಅವರ ಈ ಸಂಸ್ಥೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ ಸೇರಿ 1983ರಲ್ಲಿ ‘ಜ್ಯೋತಿ’ ಎಂಬ ಆಲ್ಬಂ ಮಾಡಿತು. ಹೊರತಂದದ್ದು ಜರ್ಮನಿಯ ಇಸಿಎಂ. ಜಾಝ್ ಬಲ್ಲವರು ಅದನ್ನು ಇಂದಿಗೂ ಹುಡುಕಿ ಕೇಳುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ಅದರ ಬಗ್ಗೆ ಬರೆದದ್ದು ಕಡಿಮೆ.

ಆದರೆ ಬೆಂಗಳೂರಿನ ರಾಕ್ ಕೇಳುಗರ ಲೋಕ ಬಹುಮಟ್ಟಿಗೆ ದಂಡು ಪ್ರದೇಶದ ಲೋಕ. ಅಲ್ಲಿ ಹಾಡು ಇಂಗ್ಲಿಷಿನಲ್ಲೇ ಇರಬೇಕು ಎನ್ನುವುದು ಬರೆಯದ ನಿಯಮ. 1996ರಲ್ಲಿ ಶುರುವಾದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’, 1998ರ ‘ಕ್ರಿಪ್ಟೋಸ್’ ಎರಡೂ ಇಂಗ್ಲಿಷಿನವೇ. ಕ್ರಿಪ್ಟೋಸ್ 2013ರಲ್ಲಿ ಜರ್ಮನಿಯ ವಾಕನ್ ಮೆಟಲ್ ಉತ್ಸವದಲ್ಲಿ ನುಡಿಸಿತು. ಚಿಕ್ಕ ಸಾಧನೆಯಲ್ಲ. ಆದರೂ ಹಿರಿಯಡ್ಕದ ಬಸ್ಸಿಗೆ ಆ ಹಾಡು ಹತ್ತಲಿಲ್ಲ. ಹತ್ತಿದ್ದರೆ ಅದು ಮಣಿಪಾಲದ ಹಾಸ್ಟೆಲಿನವರೆಗೆ ಮಾತ್ರ. ದೆಹಲಿ, ಕೋಲ್ಕತ್ತಾ, ಕೊಚ್ಚಿಯಿಂದ ಬಂದ ಎಂಜಿನಿಯರಿಂಗ್, ಮೆಡಿಕಲ್ ವಿದ್ಯಾರ್ಥಿಗಳು ಪಿಂಕ್ ಫ್ಲಾಯ್ಡ್, ಮೆಟಾಲಿಕಾ ಕ್ಯಾಸೆಟ್ಟುಗಳನ್ನು ಹೊತ್ತು ತಂದಿದ್ದರು. ಮಣಿಪಾಲದಿಂದ ಹಿರಿಯಡ್ಕಕ್ಕೆ ಬಸ್ಸಿನಲ್ಲಿ ಅರ್ಧ ತಾಸೂ ಬೇಡ. ಆದರೂ ಪರ್ಕಳದ ಈಚೆಗೆ ಒಂದು ಹಾಡಿನ ಲೋಕ, ಆಚೆಗೆ ಇನ್ನೊಂದು.

ಬೆಂಗಳೂರಿನ ಅರಮನೆ ಮೈದಾನದ ಕೆಲವು ವರ್ಷಗಳ ದಿನಚರಿಯನ್ನು ಸುಮ್ಮನೆ ಓದಿದರೂ ಸಾಕು. 2002ರ ಏಪ್ರಿಲ್‌ನಲ್ಲಿ ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್. 2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್, ಮಳೆಯ ಜೊತೆಗೆ. ಮಿಕ್ ಜಾಗರ್‌ಗೆ ಆಗ ಅರವತ್ತು ತುಂಬಲು ಮೂರೂವರೆ ತಿಂಗಳು ಬಾಕಿ. 2007ರ ಮಾರ್ಚ್ 17ರಂದು ಐರನ್ ಮೇಡನ್. ಆ ಮಟ್ಟದ ಹೆವಿ ಮೆಟಲ್ ತಂಡವೊಂದು ಭಾರತಕ್ಕೆ ಬಂದದ್ದು ಅದೇ ಮೊದಲು. ದೇಶದ ಮೂಲೆಮೂಲೆಯಿಂದ ಕಪ್ಪು ಟೀ ಶರ್ಟಿನವರು ರೈಲು ಹತ್ತಿ ಬಂದಿದ್ದರು, ಮಣಿಪಾಲದಿಂದ ರಾತ್ರಿ ಬಸ್ಸಿನಲ್ಲೂ ಹೋಗಿದ್ದರು. 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಹಾಡಬೇಕಿತ್ತು; ಕಾರ್ಯಕ್ರಮ ನಿಂತುಹೋಗಿ, ಸಿಟ್ಟಾದ ಜನ ವೇದಿಕೆಯನ್ನೇ ಕಿತ್ತುಹಾಕಿದರು. ಎರಡು ದಿನ ಬಿಟ್ಟು, 30ರಂದು, ಬೆಂಗಳೂರಿನಲ್ಲಿ ಅದೇ ತಂಡದ ಕಾರ್ಯಕ್ರಮ ಸಾಂಗವಾಗಿ ಮುಗಿಯಿತು.

ಈ ಪಟ್ಟಿಯ ನಡುವೆ ಒಂದು ಸಂಜೆಯನ್ನು ಬೇಕೆಂದೇ ಬಿಟ್ಟಿದ್ದೇನೆ. 2005ರ ಏಪ್ರಿಲ್‌ನಲ್ಲಿ ಅದೇ ಅರಮನೆ ಮೈದಾನದಲ್ಲಿ ಸಿ. ಅಶ್ವಥ್ ‘ಕನ್ನಡವೇ ಸತ್ಯ’ ನಡೆಸಿದರು. ಕುವೆಂಪು, ಬೇಂದ್ರೆ, ಶಿಶುನಾಳ ಷರೀಫರ ಹಾಡುಗಳಿಗೆ ಲಕ್ಷಕ್ಕೂ ಮಿಕ್ಕಿ ಜನ ಸೇರಿದರು ಎಂದು ಪತ್ರಿಕೆಗಳು ಬರೆದವು. ಅಶ್ವಥ್ ಕೂತು ಹಾಡಲಿಲ್ಲ. ನಿಂತು, ತೋಳು ಬೀಸಿ, ಗಂಟಲು ಹರಿಯುವಂತೆ ಹಾಡಿದರು. ಜನ ಎದ್ದು ನಿಂತು ಜೊತೆಗೆ ಹಾಡಿದರು. ರಾಕ್ ಕಛೇರಿ ಎಂದರೆ ಇನ್ನೇನು? ಸ್ಟೋನ್ಸ್‌ಗೂ ಮೇಡನ್‌ಗೂ ನಡುವೆ ಅದೇ ಮಣ್ಣಿನಲ್ಲಿ ಕನ್ನಡದ ಅತಿ ದೊಡ್ಡ ಬಯಲು ಕಛೇರಿ ಭಾವಗೀತೆಯದಾಗಿತ್ತು. ಆ ಎರಡು ಜನಸಾಗರಗಳು ಒಂದನ್ನೊಂದು ನೋಡಿರಲಿಲ್ಲ.

ಎರಡನ್ನೂ ನೋಡಿದ್ದವರು ಮೈಸೂರಿನ ರಘು ದೀಕ್ಷಿತ್. ಭರತನಾಟ್ಯ ಕಲಿತ, ಮೈಕ್ರೋಬಯಾಲಜಿಯಲ್ಲಿ ಚಿನ್ನದ ಪದಕ ಪಡೆದ ಹುಡುಗ ಗಿಟಾರ್ ಹಿಡಿದದ್ದು ಗೆಳೆಯನ ಜೊತೆಗಿನ ಪಂಥಕ್ಕಾಗಿ. ‘ಅಂತರಾಗ್ನಿ’ ಎಂಬ ತಂಡ ಕಟ್ಟಿ, ಅದು ಚದುರಿದ ಮೇಲೆ ರಘು ದೀಕ್ಷಿತ್ ಪ್ರಾಜೆಕ್ಟ್ ಆಗಿ, 2008ರಲ್ಲಿ ಮೊದಲ ಆಲ್ಬಂ ತಂದರು. ಅದರಲ್ಲಿ ಜನರ ಬಾಯಲ್ಲಿ ನಿಂತ ಕನ್ನಡ ಹಾಡಿನ ಸಾಹಿತ್ಯ ರಘು ಅವರದಲ್ಲ. ಶಿಶುನಾಳ ಷರೀಫರದು (1819–1889). ಗುಡುಗುಡಿಯ ಹಾಡು ಮತ್ತೆ ಯುವಕರ ಬಾಯಿಗೆ ಬಂದದ್ದು ಹೀಗೆ. ಷರೀಫರ ತತ್ವಪದಗಳನ್ನು ಅಶ್ವಥ್ ಕ್ಯಾಸೆಟ್ ಮೂಲಕ, 1990ರ ನಾಗಾಭರಣರ ಚಿತ್ರದ ಮೂಲಕ ಮನೆಮನೆಗೆ ಮುಟ್ಟಿಸಿದ್ದರು. ರಘು ಅದೇ ಪದಕ್ಕೆ ಡ್ರಮ್ಸ್, ಬಾಸ್, ಪಿಟೀಲು ಕಟ್ಟಿದರು. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಲ್ಲಿ ಹಾಡಿದರು. ಮರುವರ್ಷ ಗ್ಲಾಸ್ಟನ್‌ಬರಿ ಉತ್ಸವದಲ್ಲಿ. ಅವರ ತಮ್ಮ ವಾಸು ದೀಕ್ಷಿತ್ ‘ಸ್ವರಾತ್ಮ’ ತಂಡದಲ್ಲಿ ಇದೇ ಹಾದಿ ಹಿಡಿದರು.

ಇಲ್ಲಿ ನನ್ನದೊಂದು ತಕರಾರು ಇದೆ. ಕನ್ನಡ ರಾಕ್ ತಡವಾಗಿ ಬಂದದ್ದಕ್ಕೆ ವಾದ್ಯದ ಕೊರತೆ ಕಾರಣವಲ್ಲ, ಕೇಳುಗರ ಕೊರತೆಯೂ ಅಲ್ಲ. ಗಿಟಾರು ಇದ್ದವರಿಗೆ ಕನ್ನಡದಲ್ಲಿ ಬರೆಯಲು ಬರುತ್ತಿರಲಿಲ್ಲ. ಬರೆಯಬಲ್ಲ ಹಂಸಲೇಖರಂಥವರು ಸಿನಿಮಾದ ಪಾಲಾಗಿದ್ದರು. ಹಾಗಾಗಿ ತಂಡಗಳು ನೂರು ವರ್ಷ ಹಿಂದಿನ ಸಂತನ ಮೊರೆಹೋದವು. ಷರೀಫರ ಪದ ಗಿಟಾರಿಗೆ ಚೆನ್ನಾಗಿಯೇ ಹೊಂದುತ್ತದೆ: ಚಿಕ್ಕ ಸಾಲು, ಮತ್ತೆ ಮತ್ತೆ ಬರುವ ಪಲ್ಲವಿ, ಒಳಗೊಂದು ಹೊರಗೊಂದು ಅರ್ಥ. ಆದರೆ ಎಷ್ಟು ದಿನ ಅವರದೇ ಗುಡುಗುಡಿ ಸೇದುವುದು? ಇದೇ ಹೊತ್ತಿನಲ್ಲಿ, 2006ರ ಡಿಸೆಂಬರ್ ಕೊನೆಗೆ ಬಂದ ‘ಮುಂಗಾರು ಮಳೆ’ಯಲ್ಲಿ ಗೋಕರ್ಣದ ಜಯಂತ ಕಾಯ್ಕಿಣಿ ಬರೆದ, ಅಮೆರಿಕದಲ್ಲಿ ನೆಲೆಸಿದ್ದ ಮನೋಮೂರ್ತಿ ಸ್ವರ ಹಾಕಿದ, ಸೋನು ನಿಗಮ್ ಹಾಡಿದ ಹಾಡು ಮೊಬೈಲಿನ ಕಾಲರ್ ಟ್ಯೂನ್ ಆಗಿ ರಾಜ್ಯವನ್ನೇ ಆವರಿಸಿತ್ತು. ಕ್ಯಾಸೆಟ್ ಅಂಗಡಿಗಳು ಅಷ್ಟು ಹೊತ್ತಿಗೆ ಮೊಬೈಲ್ ರೀಚಾರ್ಜ್ ಅಂಗಡಿಗಳಾಗಿದ್ದವು.

ಈಗ ನಮ್ಮ ಕರಾವಳಿ. ನಿಟ್ಟೆಯಲ್ಲಿ ಎಂಜಿನಿಯರಿಂಗ್ ಓದಿದ ಉಡುಪಿಯ ರಕ್ಷಿತ್ ಶೆಟ್ಟಿ 2014ರಲ್ಲಿ ‘ಉಳಿದವರು ಕಂಡಂತೆ’ ಮಾಡಿದಾಗ, ಸಂಗೀತ ನಿರ್ದೇಶಕ ಬಿ. ಅಜನೀಶ್ ಲೋಕನಾಥ್ ಹುಲಿವೇಷದ ತಾಸೆಯ ಪೆಟ್ಟನ್ನು ಎಲೆಕ್ಟ್ರಿಕ್ ವಾದ್ಯಗಳ ಜೊತೆ ಕೂಡಿಸಿದರು. ಅಷ್ಟಮಿಯ ದಿನ ಉಡುಪಿಯ ರಥಬೀದಿಯಲ್ಲಿ ಕೇಳುವ ಆ ಪೆಟ್ಟಿಗೆ ಹೆವಿ ಮೆಟಲ್ ಡ್ರಮ್ಮರನನ್ನೂ ನಾಚಿಸುವ ಕಸುವಿದೆ ಎಂಬುದು ಪರದೆಯ ಮೇಲೆ ಮೊದಲು ಗೊತ್ತಾದದ್ದು ಆಗ. 2016ರ ಕೊನೆಗೆ ಅದೇ ಜೋಡಿ, ರಿಷಬ್ ಶೆಟ್ಟಿ ನಿರ್ದೇಶನದಲ್ಲಿ, ‘ಕಿರಿಕ್ ಪಾರ್ಟಿ’ ತಂದಿತು. ಅದರ ಒಂದು ಹಾಡು 1991ರ ‘ಶಾಂತಿ ಕ್ರಾಂತಿ’ಗೆ ಹಂಸಲೇಖ ಮಾಡಿದ ಹಾಡಿನ ನಕಲು ಎಂದು ಲಹರಿ ಸಂಸ್ಥೆ ಕೋರ್ಟಿಗೆ ಹೋಯಿತು. ‘ಪ್ರೇಮಲೋಕ’ದ ಕ್ಯಾಸೆಟ್ ಮಾರಿದ ಕಂಪನಿ, ಆ ಕ್ಯಾಸೆಟ್ ಕೇಳಿ ಬೆಳೆದ ಪೀಳಿಗೆಯ ಮೇಲೆ ಹೂಡಿದ ದಾವೆ ಅದು. ಪೇಟೆಪೇಟೆಯಲ್ಲಿ ಹಾಡು ತುಂಬಿಸಿ ಕೊಡುತ್ತಿದ್ದ ಕಾಲಕ್ಕೆ ಹೋಲಿಸಿದರೆ ಹಾಡಿನ ಒಡೆತನದ ಬಗ್ಗೆ ನಾವು ಬಹಳ ದೂರ ಬಂದಿದ್ದೆವು.

ಮುಂದಿನದು ಇನ್ನೂ ದೊಡ್ಡದು. 2022ರ ಸೆಪ್ಟೆಂಬರ್ 30ರಂದು ರಿಷಬ್ ಶೆಟ್ಟಿಯವರ ‘ಕಾಂತಾರ’ ಬಿಡುಗಡೆಯಾಯಿತು. ಶಶಿರಾಜ್ ಕಾವೂರು ಬರೆದು, ಅಜನೀಶ್ ಸಂಯೋಜಿಸಿ, ಸಾಯಿ ವಿಘ್ನೇಶ್ ಹಾಡಿದ ‘ವರಾಹ ರೂಪಂ’ನಲ್ಲಿ ಪಂಜುರ್ಲಿಯ ಕೋಲಕ್ಕೆ ಭಾರದ ಗಿಟಾರು, ಶಾಸ್ತ್ರೀಯ ರಾಗ ಎರಡೂ ಒಟ್ಟಿಗೆ ಬಂದವು. ಭೂತದ ಕೊಡಿಯಡಿಯಲ್ಲಿ ನಿಂತು ಅಭ್ಯಾಸವಿದ್ದ ನಮ್ಮವರಿಗೂ ಮೈ ಜುಂ ಎಂದಿತು. ತಿಂಗಳು ತುಂಬುವ ಮೊದಲೇ ಕೇರಳದ ‘ತೈಕ್ಕುಡಂ ಬ್ರಿಡ್ಜ್’ ಎಂಬ ರಾಕ್ ತಂಡ, ಇದು ತಮ್ಮ ‘ನವರಸಂ’ ಹಾಡಿನ ನಕಲು ಎಂದಿತು. ರಾಗ ಒಂದೇ ಆದ್ದರಿಂದ ಹೋಲಿಕೆ ಸಹಜ ಎಂದರು ಅಜನೀಶ್. ಕೋಯಿಕ್ಕೋಡ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ನವೆಂಬರ್ 24ರಂದು ಚಿತ್ರ ಒಟಿಟಿಗೆ ಬಂದಾಗ ಆ ಜಾಗದಲ್ಲಿ ಬೇರೆ ಸ್ವರ ಇತ್ತು. ಥಿಯೇಟರಿನಲ್ಲಿ ಕೇಳಿದ್ದವರು ಮೋಸಹೋದವರಂತೆ ಕೂಗಾಡಿದರು. ತಡೆ ತೆರವಾದ ಮೇಲೆ ಮೂಲ ಹಾಡು ಹಿಂದಿರುಗಿತು. ವ್ಯಾಜ್ಯ ಅಲ್ಲಿಗೇ ನಿಲ್ಲದೆ ಕೇರಳ ಹೈಕೋರ್ಟು, 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕರಾವಳಿಯ ದೈವದ ಹಾಡಿನಲ್ಲಿ ವಿವಾದಕ್ಕೆ ಬಿದ್ದದ್ದು ದೈವವಲ್ಲ, ಪದವಲ್ಲ. ಗಿಟಾರು ಮತ್ತು ಸ್ವರದ ಕಟ್ಟು.

ಹೊಡೆತಕ್ಕೆ ಮಾತ್ರ ಯಾರೂ ಕೋರ್ಟಿಗೆ ಹೋಗುವುದಿಲ್ಲ. ಇದೇ ಹಿರಿಯಡ್ಕದವರು ಮದ್ದಳೆಗಾರ ಗೋಪಾಲ ರಾವ್. 1919ರಲ್ಲಿ ಹುಟ್ಟಿ, ಪೆರ್ಡೂರು, ಮಂದಾರ್ತಿ ಮೇಳಗಳಲ್ಲಿ ತಿರುಗಾಟ ಮಾಡಿ, ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ಕಲಿಸಿ, 2020ರ ಅಕ್ಟೋಬರ್‌ನಲ್ಲಿ ನೂರು ದಾಟಿ ತೀರಿಕೊಂಡರು. ಶಿವರಾಮ ಕಾರಂತರು ಯಕ್ಷಗಾನದ ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನ್ ತಂದು ಹಿರಿಯರಿಂದ ಬೈಸಿಕೊಂಡ ದಿನಗಳಲ್ಲಿ ಅವರ ಪ್ರಯೋಗಗಳಿಗೆ ಮದ್ದಳೆ ಬಾರಿಸಿದವರು ಇವರು. ಬಡಗುತಿಟ್ಟಿನಲ್ಲಿ ಏರು ಶ್ರುತಿಯ ಮದ್ದಳೆಯನ್ನು, ಅಂದರೆ ಏರು ಮದ್ದಳೆಯನ್ನು, ಬಳಕೆಗೆ ತಂದ ಕೀರ್ತಿಯೂ ಇವರದೇ. ಅದು ಎಲ್ಲ ಮೇಳಗಳಿಗೂ ಹರಡಿತು. ಕಾಳಿಂಗ ನಾವಡರ ಕಾಲದ ಯಕ್ಷಗಾನ ಕ್ಯಾಸೆಟ್ಟುಗಳ ತುಂಬ ಆ ನಾದವಿದೆ. ಅದಕ್ಕೆ ಹಕ್ಕುಸ್ವಾಮ್ಯ ಕೇಳಿದವರನ್ನು ನಾನಂತೂ ಕಂಡಿಲ್ಲ.